ತೂಕ ಆಮೇಲೆ, ಮೊದಲು ಮಗುವಿನ ದಿನ ನೋಡಿ

ತೂಕ ಜಾಸ್ತಿ ಇರುವ ಮಗುವನ್ನು ಕರೆತರುವ ಅಪ್ಪ ಅಮ್ಮ ನನ್ನ ಹತ್ತಿರ ಮೊದಲು ಕೇಳುವುದು ಡಯಟ್ ಚಾರ್ಟ್. ಅದು ಡಯಟಿಷಿಯನ್ ಕೆಲಸ. ನಾನು ಆಕ್ಯುಪೇಶನಲ್ ಥೆರಪಿಸ್ಟ್. ಸ್ನಾನ, ಬಟ್ಟೆ, ಶಾಲೆ, ಆಟ, ನಿದ್ದೆ, ಇದರಲ್ಲಿ ಮಗು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡುತ್ತೇನೆ. ನೀವೂ ಮನೆಯಲ್ಲಿ ನೋಡಬಹುದು.

ಒಂದು ವಾರ ಸುಮ್ನೆ ಬರೆದಿಡಿ. ಮಗು ಯಾವ ಕೆಲಸ ತಪ್ಪಿಸಿಕೊಳ್ಳುತ್ತದೆ? ಯಾವುದನ್ನು ನೀವೇ ಮಾಡಿಕೊಡುತ್ತಿದ್ದೀರಿ? ಬೇಜಾರಾದಾಗ ತಿನ್ನುವುದು ಯಾವ ಹೊತ್ತಲ್ಲಿ?

ಆಮೇಲೆ ಗುರಿಯನ್ನು ಮಗುವೇ ಹೇಳಲಿ. ಒಬ್ಬ ಹುಡುಗ ನನಗೆ ಹೇಳಿದ್ದು, "ಶೂ ಲೇಸ್ ನಾನೇ ಕಟ್ಟಬೇಕು, ಆಟಕ್ಕೆ ಕೊನೆಯವನಾಗಿ ಹೋಗಬಾರದು." ಕೆಜಿ ಲೆಕ್ಕಕ್ಕಿಂತ ಇದು ಎಷ್ಟೋ ಒಳ್ಳೆಯ ಗುರಿ, ಅಲ್ವಾ? ಬಗ್ಗಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಕುರ್ಚಿ ಮೇಲೆ ಕೂರಿಸಿ, ಕಾಲಿಗೆ ಚಿಕ್ಕ ಸ್ಟೂಲ್ ಕೊಟ್ಟೆವು. ಕಲಿಸುವುದು ಕೊನೆಯಿಂದ: ಗಂಟು ನೀವು ಹಾಕಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ಅದರ ಹಿಂದಿನ ಹಂತ.

ಆಟಕ್ಕೆ ಬರದ ಮಗುವನ್ನು ಸೋಮಾರಿ ಅನ್ನಬೇಡಿ. ಎಷ್ಟೋ ಮಕ್ಕಳಿಗೆ ಚೆಂಡು ಹಿಡಿಯಲು ಬರುವುದಿಲ್ಲ, ಉಳಿದವರು ನಗುತ್ತಾರೆ, ಅದಕ್ಕೇ ದೂರ. ಬಲೂನಿನಿಂದ ಶುರು ಮಾಡಿ. ಅದು ನಿಧಾನಕ್ಕೆ ಬೀಳುತ್ತದೆ, ಕೈ ತಲುಪಲು ಸಮಯ ಸಿಗುತ್ತದೆ. ನಂತರ ದೊಡ್ಡ ಹಗುರ ಚೆಂಡು, ಆಮೇಲೆ ಚಿಕ್ಕದು. ಮೊದಲು ಮನೆಯವರು, ಆಮೇಲೆ ಒಬ್ಬ ಗೆಳೆಯ. ತಂಡದ ಆಟ ಕೊನೆಗೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕಿಲ್ಲ, ತುಂಡು ತುಂಡಾದರೂ ಸರಿ. ಆಡುತ್ತಾ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ವೇಗ ಸರಿಯಾಗಿದೆ.

ಊಟದ ಹೊತ್ತಲ್ಲಿ ಟಿವಿ, ಫೋನ್ ಬೇಡ. ಏನು, ಯಾವಾಗ ಅನ್ನುವುದು ನಿಮ್ಮದು; ಎಷ್ಟು ಅನ್ನುವುದು ಮಗುವಿನದು. ಬೇಜಾರಿನ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಿ.

ನಿದ್ದೆಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕು. ನಿದ್ದೆಗೆಟ್ಟ ಮಗುವಿಗೆ ಹಸಿವೂ ಜಾಸ್ತಿ, ಆಡುವ ಉತ್ಸಾಹವೂ ಇರುವುದಿಲ್ಲ. ದಿನಾ ಜೋರಾಗಿ ಗೊರಕೆ ಹೊಡೆದರೆ ಡಾಕ್ಟರಿಗೆ ಹೇಳಿ. ಮಗು ಕುಂಟುತ್ತಿದ್ದರೆ, ಸೊಂಟ ಅಥವಾ ಮಂಡಿ ನೋವು ಅಂದರೆ ಕಾಯಬೇಡಿ. ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಸೊಂಟದ ಕೀಲಲ್ಲಿ ಕೂರುವ ತೊಡೆಮೂಳೆಯ ಮೇಲ್ತುದಿ ಜಾಗ ಬಿಟ್ಟು ಜಾರುವುದುಂಟು. ಆಟ ನಿಲ್ಲಿಸಿ, ಅವತ್ತೇ ತೋರಿಸಿ.