ಮೂರು ಸಲ ಹೋಗಿ ನೋಡಿದ ಅಂಗಡಿಗಳು

ಅಂದು ರಾತ್ರಿ ನಾನು ಬಡಿದ ಏಳನೆಯ ಜೋಳದ ರೊಟ್ಟಿಯೂ ಹಂಚು ಸೇರುವ ಮೊದಲೇ ಮೂರು ಹೋಳಾಯಿತು. ನಾನು ಮಂಡ್ಯ ಕಡೆಯವನು. ಹಿಡಿದ ಮುದ್ದೆಯಲ್ಲಿ ಗಂಟು ಹುಡುಕಿದರೂ ಸಿಗದು, ಆದರೆ ರೊಟ್ಟಿ ಬಡಿಯುವುದು ಬೇರೆಯದೇ ವಿದ್ಯೆ. ಧಾರವಾಡಕ್ಕೆ ವರ್ಗವಾಗಿ ಬಂದು ಸಪ್ತಾಪುರದಲ್ಲಿ ಒಂದು ಕೋಣೆ ಹಿಡಿದು ಆಗ ಮೂರು ವಾರವಾಗಿತ್ತು. ಮಡದಿ, ಮಗ ಇನ್ನೂ ಊರಿನಲ್ಲೇ ಇದ್ದರು. ಮನೆ ಮಾಲೀಕರ ತಾಯಿ ಕೆಳಗಿನಿಂದ ಹತ್ತಿ ಬಂದು ನನ್ನ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿದರು. ತಪ್ಪು ಅರ್ಧ ನನ್ನ ಕೈಯದು, ಅರ್ಧ ಹಿಟ್ಟಿನದು ಎಂದರು. ದೊಡ್ಡ ಮಳಿಗೆಯಿಂದ ತಂದ ಪೊಟ್ಟಣ. ಬೀಸಿ ಎಷ್ಟು ತಿಂಗಳಾಗಿತ್ತೋ. ಜೋಳದ ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ಕುದಿವ ಎಸರು ಹೊಯ್ದು ನಾದಿದರೂ ಅಂಚು ಬಿರಿಯುತ್ತದೆ. ಗೋಧಿಯನ್ನು ಹಿಡಿದಿಡುವ ಅಂಟು ಜೋಳಕ್ಕಿಲ್ಲ. ನಾಳೆ ಬೆಳಿಗ್ಗೆ ಗಿರಣಿಗೆ ಹೋಗು ಎಂದು ಅಜ್ಜಿ ಅಪ್ಪಣೆ ಕೊಡಿಸಿದರು.

ಗಿರಣಿ ನನ್ನ ಕೋಣೆಯಿಂದ ನಾಲ್ಕು ನಿಮಿಷದ ದಾರಿ. ಮೂರು ವಾರ ಅದರ ಮುಂದೆಯೇ ಓಡಾಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಊಟವನ್ನು ಮೊಬೈಲ್‌ನಲ್ಲಿ ತರಿಸುತ್ತಿದ್ದೆ, ಸಾಮಾನನ್ನು ಕಾರು ನಿಲ್ಲಿಸಲು ಜಾಗವಿರುವ ಕಡೆಯಿಂದ ತರುತ್ತಿದ್ದೆ. ಒಳಗೆ ಗೋಡೆಗುಂಟ ಡಬ್ಬಿಗಳ ಸಾಲು. ಯಾರ ಡಬ್ಬಿ ಯಾವುದೆಂದು ಗಿರಣಿಯ ಕಾಕಾಗೆ ಮುಚ್ಚಳ ನೋಡಿಯೇ ಗೊತ್ತು. ನಾನು ಕೈಚೀಲದಲ್ಲಿ ತಂದಿದ್ದ ಎರಡು ಕಿಲೋ ಬಿಳಿಜೋಳವನ್ನು ಅಂಗೈಗೆ ಸುರಿದುಕೊಂಡು ನೋಡಿ, ಇದು ಮಾಲದಂಡಿ, ರೊಟ್ಟಿಗೆ ಒಳ್ಳೆಯದು, ಆದರೆ ಇವತ್ತು ಬೀಸುವುದಿಲ್ಲ ಎಂದರು. ಕೆಲಸ ಬೇಡವೆನ್ನುವ ಅಂಗಡಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾರಣವನ್ನೂ ಅವರೇ ಹೇಳಿದರು: ಹಿಂದಿನ ರಾತ್ರಿ ಬೀಸುವ ಕಲ್ಲನ್ನು ಉಳಿಯಿಂದ ಕಟೆಸಿದ್ದರಂತೆ. ಕಲ್ಲಿನ ಹಲ್ಲು ಸವೆದಾಗ ಹಾಗೆ ಮಾಡಿಸಲೇಬೇಕು. ಮೊದಲ ದಿನದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರಿ ಹಲ್ಲಿಗೆ ಕರಕರ ಎನ್ನುತ್ತದೆ. ದನದ ದಾಣಿ ಬೀಸಿ ಕಲ್ಲು ಹದಕ್ಕೆ ಬಂದ ಮೇಲೆಯೇ ಮನುಷ್ಯರ ಕಾಳು.

ಮರುದಿನ ಹೋದೆ. ಬಿಸಿ ಹಿಟ್ಟಿಗೆ ಕೂಡಲೇ ಮುಚ್ಚಳ ಹಾಕಬಾರದು, ಒಳಗೇ ಬೆವರಿ ಮುಗ್ಗಲು ವಾಸನೆ ಬರುತ್ತದೆ ಎಂಬ ಬುದ್ಧಿಮಾತಿನೊಂದಿಗೆ ಹಿಟ್ಟು ಸಿಕ್ಕಿತು. ಆ ರಾತ್ರಿ ಐದರಲ್ಲಿ ಎರಡು ರೊಟ್ಟಿ ದುಂಡಗೆ ಬಂದವು. ಅಂದೇ ಒಂದು ನೋಟುಪುಸ್ತಕದ ಮೊದಲ ಪುಟದಲ್ಲಿ "ಗಿರಣಿ" ಎಂದು ಬರೆದೆ.

ಆಮೇಲೆ ನನಗೆ ನಾನೇ ಕೆಲವು ಕಟ್ಟುಪಾಡು ಹಾಕಿಕೊಂಡೆ. ವಾರಕ್ಕೆ ಒಂದೇ ಹೊಸ ಅಂಗಡಿ, ಅದೂ ಕೋಣೆಯಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವಂಥದು. ಮೊಬೈಲ್‌ನಲ್ಲಿ ನಕ್ಷತ್ರ ಎಣಿಸಿ ಹೋಗಬಾರದು. ಒಂದೊಂದಕ್ಕೂ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು. ಅಲ್ಲಿಯವರೆಗೆ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವಂತಿಲ್ಲ, ಕಂಡದ್ದನ್ನಷ್ಟೇ ಬರೆಯಬೇಕು. ಮೂರು ಏಕೆ ಎಂದರೆ, ಮೊದಲ ದಿನ ಗಿರಣಿಯನ್ನು ತೂಗಿದ್ದರೆ ಅದು ನನ್ನ ಲೆಕ್ಕದಲ್ಲಿ ಫೇಲಾಗುತ್ತಿತ್ತು. ಇಷ್ಟು ಶಿಸ್ತು ಕಚೇರಿಯ ಕಡತಗಳ ವಿಷಯದಲ್ಲಿ ನನಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಎರಡನೆಯ ವಾರ ಖಾನಾವಳಿ. ಸಪ್ತಾಪುರ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಪೇಟೆ. ಬೀದಿಗೆರಡು ತರಬೇತಿ ಕೇಂದ್ರ, ಅವುಗಳ ನೆರಳಲ್ಲಿ ತಿಂಗಳ ಊಟದ ಖಾನಾವಳಿಗಳು. ನಾನು ಹಿಡಿದದ್ದು ಮನೆಯ ಮುಂದಿನ ಪಡಸಾಲೆಯಲ್ಲೇ ಆರು ಮೇಜು ಹಾಕಿದ್ದ ಒಂದನ್ನು. ನಡೆಸುತ್ತಿದ್ದವರು ಅತ್ತೆ, ಸೊಸೆ. ಮೊದಲ ಸಲ ಮಧ್ಯಾಹ್ನ ಎರಡೂವರೆಗೆ ಹೋದೆ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಮತ್ತೊಂದು ಒರಟು ಎಲೆ. ಅದು ಅಲಂಕಾರವೆಂದು ಬದಿಗಿಟ್ಟೆ. ಎದುರಿನ ಹುಡುಗ ಅದನ್ನು ರೊಟ್ಟಿಯ ಚೂರಿನೊಳಗೆ ಮಡಚಿ ತಿನ್ನುವುದನ್ನು ಕಂಡು ಹೆಸರು ಕೇಳಿದೆ: ಹಕ್ಕರಿಕೆ. ಪಲ್ಯ ಆರಿತ್ತು, ರೊಟ್ಟಿ ತಣ್ಣಗಿತ್ತು. ಅಭಿಪ್ರಾಯ ಬರೆಯುವಂತಿರಲಿಲ್ಲವಾದ್ದರಿಂದ "ಆರಿತ್ತು" ಎಂದಷ್ಟೇ ಬರೆದೆ.

ಎರಡನೆಯ ಸಲ ಹನ್ನೆರಡೂವರೆಗೆ ಹೋದೆ. ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬಿತ್ತು, ಉಬ್ಬಿದ ಪದರದೊಳಗಿನ ಹಬೆ ಬೆರಳನ್ನು ಸುಟ್ಟಿತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳಿಬರುತ್ತಿತ್ತು. ಒಲೆಗೆ ಸೊಸೆ, ಬಡಿಯುವುದಕ್ಕೆ ಅತ್ತೆ. ಒಂದು ಗಂಟೆಯ ನೂಕುನುಗ್ಗಲು ಮುಗಿದ ಮೇಲೆ ಅವರೂ ಉಣ್ಣಬೇಕಲ್ಲ! ಎರಡೂವರೆಗೆ ಹೋಗಿ ಬಿಸಿ ರೊಟ್ಟಿ ಬಯಸಿದ್ದು ನನ್ನ ಅವಿವೇಕ. ಮೂರನೆಯ ಸಲ ರಾತ್ರಿ ಹೋದೆ. ಅತ್ತೆ ನನ್ನ ತಟ್ಟೆಯತ್ತ ನೋಡಿ, ಇವರು ಅನ್ನದವರು, ಅನ್ನ ಮೊದಲೇ ತಾ ಎಂದು ಸೊಸೆಗೆ ಹೇಳಿದರು. ಎರಡು ಊಟದಲ್ಲಿ ನಾನು ಅವರನ್ನು ಅಳೆದೆನೆಂದುಕೊಂಡಿದ್ದೆ, ಅವರು ನನ್ನನ್ನು ಅಳೆದಾಗಿತ್ತು. ನಾನು ಹಟಕ್ಕೆ ಮೂರನೆಯ ರೊಟ್ಟಿ ಹಾಕಿಸಿಕೊಂಡೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬರಲಿಲ್ಲ.

ಅಲ್ಲಿ ಕಲಿತ ಒಂದು ಮಾತು ಮುಂದೆ ಎಲ್ಲ ಕಡೆ ಉಪಯೋಗಕ್ಕೆ ಬಂತು. "ಏನು ಚೆನ್ನಾಗಿದೆ?" ಎಂದು ಕೇಳಿದರೆ ಯಾವ ಅಂಗಡಿಯವನಾದರೂ "ಎಲ್ಲವೂ" ಎನ್ನುತ್ತಾನೆ. "ನೀವು ಇವತ್ತು ಏನು ಉಂಡಿರಿ?" ಎಂದು ಕೇಳಬೇಕು. ಒಮ್ಮೆ ಹಾಗೆ ಕೇಳಿದ್ದಕ್ಕೆ ಸೊಸೆ ನಕ್ಕು, ಫಲಕದಲ್ಲಿ ಇಲ್ಲದ ಝುಣಕವನ್ನು ಒಳಗಿನಿಂದ ಒಂದು ಚಮಚ ತಂದು ಹಾಕಿದಳು. ಬೆಳ್ಳುಳ್ಳಿ ಒಗ್ಗರಣೆಯ ಆ ಕಡಲೆಹಿಟ್ಟಿನ ಮುಂದೆ ಎಣ್ಣೆಗಾಯಿ ಮಂಕಾಯಿತು.

ಸಂಜೆಯ ತಳ್ಳುಗಾಡಿಯಲ್ಲಿ ನನಗಾದ ಫಜೀತಿ ಭಾಷೆಯದು. ಮೈಸೂರು ಕಡೆ ಚುರುಮುರಿ ಎಂದರೆ ಪುರಿಗೆ ಕ್ಯಾರೆಟ್ಟು, ಈರುಳ್ಳಿ, ಖಾರ ಕಲಸಿದ ತಿಂಡಿ. ಇಲ್ಲಿ ಪುರಿಯೇ ಚುರುಮುರಿ. "ಚುರುಮುರಿ ಕೊಡಿ" ಎಂದೆ. ಒಂದು ಪೊಟ್ಟಣ ಸಪ್ಪೆ ಪುರಿ ಕೊಟ್ಟ. ತಿಂಡಿ ಎಂದು ಕೈಸನ್ನೆ ಮಾಡಿದ ಮೇಲೆ "ಗಿರಮಿಟ್ಟು ಎನ್ನಿ" ಎಂದ. ನಮ್ಮ ಹುರಿಗಡಲೆ ಇಲ್ಲಿ ಪುಟಾಣಿ. ಈರುಳ್ಳಿ, ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆಹುಳಿ ಬೆಲ್ಲ ಹಾಕಿ ಬೇಯಿಸಿದ ಗೊಜ್ಜು ಬೋಗುಣಿಯಲ್ಲಿ ಮೊದಲೇ ಸಿದ್ಧವಿರುತ್ತದೆ. ಗಿರಾಕಿ ಬಂದಾಗ ಚುರುಮುರಿಗೆ ಅದನ್ನು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಸೇವು. ಹಿಟ್ಟು ಹುಳಿಯನ್ನು ಹೀರಿಕೊಳ್ಳುವುದರಿಂದ ಚುರುಮುರಿ ಒಡನೆ ಮೆತ್ತಗಾಗುವುದಿಲ್ಲ. ಆದರೂ ಐದು ನಿಮಿಷ ದಾಟಬಾರದು. ನಾನು ಕಟ್ಟಿಸಿಕೊಂಡು ಕೋಣೆಗೆ ಒಯ್ದು ಹಾಳುಮಾಡಿದ್ದು ಎರಡನೆಯ ಭೇಟಿಯ ದಾಖಲೆಯಲ್ಲಿದೆ. ನಿಂತಲ್ಲೇ ತಿನ್ನಬೇಕು, ಜೊತೆಗೆ ಒಂದು ಮಿರ್ಚಿ ಇರಬೇಕು, ತುಂತುರು ಮಳೆ ಬೇಡವೆಂದರೂ ಧಾರವಾಡದಲ್ಲಿ ತಾನಾಗಿಯೇ ಬರುತ್ತದೆ.

ಪೇಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ, ಲೈನ್ ಬಜಾರು, ಭೌಗೋಳಿಕ ಸೂಚಕ, ಇವೆಲ್ಲ ಊರಿಗೇ ಗೊತ್ತು. ಖೋವೆಯನ್ನು ಕಂದಾಗುವವರೆಗೆ ಹುರಿಯುವ ತಾಳ್ಮೆಯನ್ನು ಮೆಚ್ಚುತ್ತೇನೆ. ಎರಡಕ್ಕಿಂತ ಹೆಚ್ಚು ತಿನ್ನಲಾರೆ. ಇಪ್ಪತ್ತು ನಿಮಿಷದ ನಿಯಮವನ್ನು ಮುರಿದದ್ದು ಒಮ್ಮೆ ಮಾತ್ರ: ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಸಾವಜಿ ಖಾನಾವಳಿಯಲ್ಲಿ ಮಟನ್ ಉಂಡೆ. ನಾಟಿಕೋಳಿ ಸಾರಿನ ಖಾರಕ್ಕೆ ಬಗ್ಗದವನು ಆ ಕೆಂಪು ರಸದ ಮುಂದೆ ಕಣ್ಣು ಒರೆಸಿಕೊಂಡೆ. ಇನ್ನೆರಡು ಸಲ ಹೋಗುವ ಸಾಲ ಇನ್ನೂ ಬಾಕಿ ಇದೆ.

ಎಲ್ಲವೂ ಸುಖಾಂತವಾಗಲಿಲ್ಲ. ದೀಪಾವಳಿಗೆ ಎರಡು ವಾರ ಇರುವಾಗ ಒಬ್ಬ ದರ್ಜಿಗೆ ಒಳ್ಳೆಯ ಬಟ್ಟೆ ಕೊಟ್ಟು ಪ್ಯಾಂಟು ಹೊಲಿಯಲು ಹೇಳಿದೆ. ಅಳತೆ ತೆಗೆದುಕೊಂಡವನು ಒಬ್ಬ, ಕತ್ತರಿಸಿದವನು ಇನ್ನೊಬ್ಬ. ಸೊಂಟ ಎರಡು ಅಂಗುಲ ಬಿಗಿಯಾಗಿ ಬಂತು. ಒಳಗೆ ಮಡಿಕೆಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಸಡಿಲಿಸಬಹುದಿತ್ತು; ಬಿಟ್ಟಿರಲಿಲ್ಲ. ನಾನು ಸಿಟ್ಟಾದೆ, ಅವನೂ ಸಿಟ್ಟಾದ, ಹಬ್ಬದ ಗಿರಾಕಿಗಳು ನಮ್ಮಿಬ್ಬರನ್ನೂ ನೋಡುತ್ತ ನಿಂತರು. ಕೂಲಿಯ ಅರ್ಧ ಕೊಟ್ಟು ಬಂದೆ. ಆ ಅಂಗಡಿಗೆ ಮೂರು ಸಲದ ನಿಯಮ ನನ್ನಿಂದ ಪಾಲಿಸಲಾಗಲಿಲ್ಲ, ಇಂದಿಗೂ ಅದರ ಪುಟ ಖಾಲಿ ಇದೆ. ಅಂದಿನಿಂದ ಯಾವ ದರ್ಜಿಗಾದರೂ ಮೊದಲು ಕೊಡುವುದು ಹಳೆಯ ಪ್ಯಾಂಟಿನ ಜಿಪ್ಪು ಬದಲಿಸುವ ಕೆಲಸ. ಹಳೆಯ ದಾರವನ್ನು ಅವನು ಎಳೆದು ಕಿತ್ತನೋ, ಒಂದೊಂದು ಹೊಲಿಗೆಯಾಗಿ ಬಿಚ್ಚಿದನೋ ಎಂಬುದರಲ್ಲೇ ಕೈ ಗೊತ್ತಾಗುತ್ತದೆ. ಹಬ್ಬದ ಮುಂದೆ ಮಾತ್ರ ಯಾರ ಬಳಿಯೂ ಹೋಗುವುದಿಲ್ಲ.

ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಗಾದಿ ಅಂಗಡಿ. ಮಡದಿ, ಮಗ ಬರುವ ದಿನ ಹತ್ತಿರವಾದಾಗ ಊರಿನಿಂದ ತಂದ ಹಾಸಿಗೆಯನ್ನು ಹಿಂಜಿಸಬೇಕಿತ್ತು. ನಡುವೆ ಹಳ್ಳ ಬಿದ್ದು ಅದರಲ್ಲಿ ಮಲಗಿದವರು ಹೊರಬರಲು ಕಷ್ಟಪಡುವಂತಿತ್ತು. ಆಟೋದಲ್ಲಿ ಹೇರಿಕೊಂಡು ಹೋದೆ. ಅಂಗಡಿಯ ಯಜಮಾನರು ಹೊಲಿಗೆ ಬಿಚ್ಚಿ ಒಂದು ಚಿಟಿಕೆ ಹತ್ತಿ ತೆಗೆದು ಕಡ್ಡಿ ಗೀರಿ ಸುಟ್ಟರು. ಒಂದು ಭಾಗ ಕಾಗದದಂತೆ ಉರಿದು ಹಗುರ ಬೂದಿಯಾಯಿತು, ಇನ್ನೊಂದು ಭಾಗ ಕರಗಿ ಗುಂಡಗೆ ಗಟ್ಟಿಯಾಯಿತು. ಅಪ್ಪಟ ಹತ್ತಿಯೆಂದು ಒಂಬತ್ತು ವರ್ಷದ ಹಿಂದೆ ನಾನು ಕೊಂಡಿದ್ದ ಹಾಸಿಗೆಯಲ್ಲಿ ಬಟ್ಟೆ ಕಾರ್ಖಾನೆಯ ಕೃತಕ ನೂಲಿನ ಕಸ ತುಂಬಿತ್ತು. ಕರಗಿದ ಆ ಗುಂಡನ್ನು ಅವರು ನನ್ನ ಅಂಗೈಯಲ್ಲಿಟ್ಟರು. ಒಂದು ಮಾತೂ ಆಡಲಿಲ್ಲ.

ಆಮೇಲೆ ಕಸ ಬೇರ್ಪಡಿಸಿ ಉಳಿದ ಹತ್ತಿಯನ್ನು ನನ್ನೆದುರೇ ತೂಗಿದರು. ಇದು ಮುಖ್ಯ. ಹಿಂಜುವ ಮೊದಲು ಒಮ್ಮೆ, ಹಿಂಜಿದ ಮೇಲೆ ಒಮ್ಮೆ ತೂಗಿಸಬೇಕು. ದೂಳು ಹಾರಿ ತೂಕ ಸ್ವಲ್ಪ ಇಳಿಯುತ್ತದೆ, ಬಹಳ ಇಳಿದರೆ ಕೇಳುವ ಹಕ್ಕು ನಮಗಿದೆ. ಈಗ ಹಿಂಜುವುದು ಯಂತ್ರ. ಅವರ ತಂದೆಯ ಬಿಲ್ಲು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದರ ತಂತಿ ಮಿಡಿದು ನೋಡಿದೆ, ಗುಂಯ್ ಎಂದಿತು. ಕಡಿಮೆ ಬಿದ್ದ ಹತ್ತಿಗೆ ಯಾವುದು ಹಾಕಲಿ ಎಂದು ಕೇಳಿದರು. ನಾನು ದೊಡ್ಡ ತಿಳಿವಳಿಕೆಯವನಂತೆ ಎಳೆ ಉದ್ದವಿರುವುದನ್ನು ಹಾಕಿ ಎಂದೆ. ಅವರು ತಲೆಯಾಡಿಸಿದರು. ಇದೇ ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿ ಬಂದಾಗ ರೈತರೆಲ್ಲ ಉದ್ದ ಎಳೆಯ ಹಿಂದೆ ಬಿದ್ದರು, ಅದು ನೂಲಿಗೆ ಬಂಗಾರ; ಮಲಗುವುದಕ್ಕೆ ಮಾತ್ರ ಗಿಡ್ಡ ಎಳೆಯ ಜವಾರಿ ಹತ್ತಿಯೇ ಬೇಕು, ಒತ್ತಿದರೂ ಮತ್ತೆ ಪುಟಿಯುತ್ತದೆ, ಉದ್ದದ್ದು ಬೇಗ ಗಂಟು ಕಟ್ಟುತ್ತದೆ ಎಂದರು. ಜವಾರಿ ಹತ್ತಿ ಈಗ ಸಿಗುವುದು ಕಡಿಮೆ. ಎರಡು ವಾರ ತಡೆಯಲು ಹೇಳಿದರು, ತಡೆದೆ. ಎರಡನೆಯ ಭೇಟಿಗೆ ಹತ್ತಿ ಬಂದಿರಲಿಲ್ಲ, ಮೂರನೆಯದಕ್ಕೆ ಗಾದಿ ಸಿದ್ಧವಿತ್ತು. ಅಷ್ಟು ದಿನ ಚಾಪೆಯ ಮೇಲೆ ಮಲಗಿದ್ದನ್ನು ಮಡದಿಗೆ ಹೇಳಲಿಲ್ಲ.

ಒಂದು ವಿಷಯದಲ್ಲಿ ನನ್ನ ಮನಸ್ಸು ಬದಲಾಯಿತು. ಮೊದಲು ಬೆಲೆ ಏರಿದರೆ ಮೂಗು ಮುರಿಯುತ್ತಿದ್ದೆ. ಖಾನಾವಳಿಯಲ್ಲಿ ಊಟಕ್ಕೆ ಹತ್ತು ರೂಪಾಯಿ ಏರಿಸಿದ ತಿಂಗಳು ಕಾರಣ ಕೇಳಿದೆ. ಸೊಸೆ ಮೂಲೆಯಲ್ಲಿದ್ದ 19 ಕಿಲೋದ ಸಿಲಿಂಡರು ತೋರಿಸಿದಳು. ಮನೆಯ 14.2 ಕಿಲೋದ ಸಿಲಿಂಡರನ್ನು ಅಂಗಡಿಗೆ ಬಳಸುವಂತಿಲ್ಲ, ವ್ಯಾಪಾರದ ಸಿಲಿಂಡರಿನ ದರ ತಿಂಗಳಿಗೊಮ್ಮೆ ಬದಲಾಗುತ್ತದೆ; ತಿಂಗಳ ಊಟದ ಹಣವನ್ನು ಅವರು ಮೊದಲೇ ಪಡೆದಿರುತ್ತಾರೆ. ಅಂದರೆ ದರ ಏರಿದ ತಿಂಗಳ ನಷ್ಟ ಅವರದ್ದೇ. ಇದು ತಿಳಿದ ಮೇಲೂ ಹತ್ತು ರೂಪಾಯಿ ಕೊಡುವಾಗ ಕೈ ತುಸು ಹಿಂಜರಿಯಿತು, ಸಂಬಳದವನ ಕೈ. ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ಅಲ್ಲಿಯೇ ಮೆಲ್ಲಗೆ ಹೇಳುತ್ತೇನೆ, ಬೇರೆಲ್ಲೂ ಬರೆಯುವುದಿಲ್ಲ.

ಮಡದಿ ಬರುವಾಗ ಐದು ಕಿಲೋ ರಾಗಿ ತಂದಳು. ಡಬ್ಬಿ ಹಿಡಿದು ಗಿರಣಿಗೆ ಹೋದೆ. ಕಾಕಾ ಕಾಳು ನೋಡಿ ಮೊದಲು ಸಾಸಿವೆಯೇ ಎಂದು ತಮಾಷೆ ಮಾಡಿದರು. ಜೋಳ ಬೀಸಿದ ಕಲ್ಲಿಗೆ ಇದನ್ನು ಹಾಕಿದರೆ ಎರಡೂ ಬೆರೆಯುತ್ತವೆ, ಮುಂದಿನವರ ಬಿಳಿ ರೊಟ್ಟಿಗೆ ಕರಿ ಚುಕ್ಕೆ ಬೀಳುತ್ತದೆ, ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ಬಾ ಎಂದರು. ಸೋಮವಾರ ಕಲ್ಲು ಒರೆಸಿ ನನ್ನದನ್ನೇ ಮೊದಲು ಬೀಸಿದರು. ಒಂದು ಕಿಲೋ ಹಿಟ್ಟು ಅವರಿಗೆ ಕೊಟ್ಟು ಮುದ್ದೆ ಮಾಡುವ ಬಗೆಯನ್ನು ಬಾಯಲ್ಲೇ ಹೇಳಿದೆ.

ಮುಂದಿನ ವಾರ ಕೇಳಿದೆ. ಅಗಿದು ಅಗಿದು ದವಡೆ ನೋವು ಬಂತು, ಹಲ್ಲಿಗೆ ಮೆತ್ತಿಕೊಂಡಿತು ಎಂದು ಮುಖ ಕಿವುಚಿದರು. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದೆ. ಅದನ್ನು ಮೊದಲೇ ಹೇಳಬೇಕಿತ್ತಲ್ಲ ಎಂದು ಗದರಿದರು. ಇನ್ನೂ ಎರಡು ಸಲ ಉಂಡು ನೋಡಿ ಹೇಳಿ ಕಾಕಾ ಎಂದು ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟು ಬಂದೆ.