ಒಂದೇ ರೂಲು, ಎರಡು ಲೆಕ್ಕ: ನಿಮ್ಮ ಕೆಲಸದಲ್ಲಿ ಹೆಂಗಸರು ಎಲ್ಲಿ ಕಳೆದುಕೊಳ್ಳುತ್ತಾರೆ, ಪತ್ತೆ ಮಾಡುವುದು ಹೀಗೆ

ಕಾರ್ಮಿಕ ಕಾನೂನಿನ ಎಷ್ಟೋ ಸಾಲುಗಳಲ್ಲಿ ಗಂಡು, ಹೆಣ್ಣು ಅನ್ನೋ ಮಾತೇ ಇರುವುದಿಲ್ಲ. ಆದರೂ ಕೆಲಸ ಬಿಡುವ ದಿನ ಇಬ್ಬರ ಕೈಗೆ ಬರುವ ದುಡ್ಡು ಬೇರೆ ಬೇರೆ. ಯಾಕೆ ಅಂತ ತಿಳಿಯಲು ವಕೀಲರೇನೂ ಬೇಕಾಗಿಲ್ಲ. ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಅಪಾಯಿಂಟ್‌ಮೆಂಟ್ ಲೆಟರ್ ಮುಂದಿಟ್ಟುಕೊಂಡು ಕೂತುಕೊಳ್ಳಿ.

ಮೊದಲು: ದುಡ್ಡು ಯಾರ ಜೇಬಿನಿಂದ ಹೋಗುತ್ತದೆ?

ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಕಡಿತ ಇದೆಯಾ ನೋಡಿ. ಇದು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ. ಗಾರ್ಮೆಂಟ್ಸ್‌ನಲ್ಲಿ 14,000 ಪಡೆಯುವ ಟೈಲರ್ ಅಂದುಕೊಳ್ಳಿ. ಅವರ ಪಾಲು ಶೇ 0.75, ಅಂದರೆ 105 ರೂಪಾಯಿ. ಮಾಲೀಕರ ಪಾಲು ಶೇ 3.25, ಅಂದರೆ 455. ಮಿಷನ್ ಮೇಲೆ ಕೂತಿರುವುದು ಹೆಂಗಸಾದರೂ ಅಷ್ಟೇ, ಗಂಡಸಾದರೂ ಅಷ್ಟೇ. ಹೆರಿಗೆ ಆದಾಗ 26 ವಾರದ ಸಂಬಳ ಕೊಡುವುದು ಇಎಸ್‌ಐ ನಿಗಮ, ಕಂಪನಿ ಅಲ್ಲ.

ಈಗ 30,000 ಸಂಬಳದ ಅಕೌಂಟೆಂಟ್ ತೆಗೆದುಕೊಳ್ಳಿ. ಇಎಸ್‌ಐ ಇಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಒಳ್ಳೆಯದೇ, ಆದರೆ ಬಿಲ್ ಪೂರ್ತಿ ಮಾಲೀಕನ ತಲೆಗೆ ಬಂತು. ಆರು ತಿಂಗಳಿಗೆ 1,80,000 ರೂಪಾಯಿ. ಹತ್ತು ಹನ್ನೆರಡು ಜನರಿರುವ ಆಫೀಸಿನಲ್ಲಿ ಇದು ಸಣ್ಣ ಮೊತ್ತ ಅಲ್ಲ. ‘ಮದುವೆ ಯಾವಾಗಮ್ಮ?’ ಅನ್ನೋ ಇಂಟರ್‌ವ್ಯೂ ಪ್ರಶ್ನೆಯ ಹಿಂದೆ ಈ ಲೆಕ್ಕವೂ ಇದೆ. ಗಂಡಸಿಗೆ ಯಾರೂ ಹಾಗೆ ಕೇಳಲ್ಲ, ಯಾಕಂದ್ರೆ ಮಗು ಹುಟ್ಟಿದರೂ ಅವನು ಮರುದಿನ ಬರುತ್ತಾನೆ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯವರಿಗೆ ಕೊಡಲೇಬೇಕೆಂಬ ಕಾನೂನು ಇಲ್ಲ. ರಜೆ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಬಿಲ್ಲನ್ನು ಇಎಸ್‌ಐ ಥರ ಎಲ್ಲರಿಗೂ ಹಂಚಬೇಕಿತ್ತು, ಅಷ್ಟೇ.

ಆಮೇಲೆ: ರೂಲು ಯಾರ ತಲೆ ಎಣಿಸುತ್ತದೆ?

ಇದು ಚಿಕ್ಕ ವಿಷಯ, ಆದರೆ ಮಜಾ ಇದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇಡಬೇಕಿತ್ತು. ಹಾಗಿದ್ದಾಗ 31ನೇ ಹೆಂಗಸನ್ನು ತೆಗೆದುಕೊಳ್ಳುವ ಮುಂಚೆ ಮಾಲೀಕ ಏನು ಯೋಚಿಸುತ್ತಾನೆ ಹೇಳಿ? ಹೆರಿಗೆ ರಜೆ ಕಾಯ್ದೆಯ 2017ರ ತಿದ್ದುಪಡಿ ಒಟ್ಟು 50 ನೌಕರರು ಅಂತ ಲೆಕ್ಕ ಹಿಡಿಯಿತು, ಹೆಂಗಸರು ಎಷ್ಟೇ ಇರಲಿ. ಒಂದು ಪದ ಬದಲಾದರೆ ಹೆಂಗಸರ ಮೇಲಿನ ಭಾರ ಎಷ್ಟು ಇಳಿಯುತ್ತದೆ ನೋಡಿ.

ಮೂರನೆಯದು: ಮಧ್ಯೆ ಕೆಲಸ ಬಿಟ್ಟರೆ ಏನಾಗುತ್ತದೆ?

ಜಾಸ್ತಿ ಪೆಟ್ಟು ಬೀಳುವುದು ಇಲ್ಲೇ. ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಸಿಗಬೇಕಾದರೆ ಐದು ವರ್ಷ ಬಿಡದೆ ದುಡಿದಿರಬೇಕು. ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎರಡರಲ್ಲೂ ಹೆಣ್ಣು ಗಂಡು ಭೇದ ಇಲ್ಲ. ಆದರೆ ಹೆರಿಗೆಗೆ, ಮಗುವಿನ ಜ್ವರಕ್ಕೆ, ಅತ್ತೆಗೆ ಆಪರೇಷನ್ ಆಯಿತು ಅಂತ ಕೆಲಸ ಬಿಟ್ಟು, ಎರಡು ವರ್ಷ ಬಿಟ್ಟು ಪಕ್ಕದ ಫ್ಯಾಕ್ಟರಿಗೆ ಸೇರುವವರು ಯಾರು? ನಾಲ್ಕು ವರ್ಷ ಅಲ್ಲಿ, ಮೂರು ವರ್ಷ ಇಲ್ಲಿ ದುಡಿದರೆ ಗ್ರಾಚ್ಯುಟಿ ಸೊನ್ನೆ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಹೊಸ ರೂಲು ತಂದಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆಯಿತು. ಕಾಗದದ ಮೇಲೆ ಅದೂ ಎಲ್ಲರಿಗೂ ಒಂದೇ ರೂಲು. ಆದರೆ 58ರವರೆಗೆ ಆ ಮಿಷನ್ ಮುಂದೆ ಕೂರಲು ಆಗಲ್ಲ ಅಂತ ಗೊತ್ತಿದ್ದವರಿಗೆ ಪಿಎಫ್ ಅಂದರೆ ಮಗಳ ಫೀಸು, ಊರಿನ ಸಾಲ. ಎರಡೇ ದಿನದಲ್ಲಿ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು.

ನಾಲ್ಕನೆಯದು ರಾತ್ರಿ ಪಾಳಿ. ಅದೇ 1948ರ ಕಾಯ್ದೆಯಲ್ಲಿ ಹೆಂಗಸರಿಗೆ ಕೆಲಸದ ಹೊತ್ತು ಬೆಳಿಗ್ಗೆ 6ರಿಂದ ಸಂಜೆ 7 ಮಾತ್ರ ಇತ್ತು. ರಕ್ಷಣೆಗೇ ಮಾಡಿದ್ದು, ಸರಿ. ಆದರೆ ಮೂರು ಪಾಳಿ ನಡೆಸುವ ಫ್ಯಾಕ್ಟರಿ ಗಂಡಸರನ್ನೇ ತೆಗೆದುಕೊಳ್ಳುತ್ತಿತ್ತು, ನೈಟ್ ಶಿಫ್ಟ್ ಭತ್ಯೆಯೂ ಅವರಿಗೇ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹೆಂಗಸರು ಒಪ್ಪಿದರೆ ರಾತ್ರಿ ಕೆಲಸ ಕೊಡಬಹುದು, ಸುರಕ್ಷತೆ ಕಂಪನಿಯ ಹೊಣೆ. ಇಲ್ಲಿ ಹುಷಾರು: ಕೆಲಸಕ್ಕೆ ಸೇರುವ ದಿನ ಕೊಡುವ ಕಾಗದದ ಕಟ್ಟಿನಲ್ಲಿ ಆ ಒಪ್ಪಿಗೆಯೂ ಸುಮ್ನೆ ಸೇರಿಕೊಂಡಿರಬಹುದು. ಓದದೆ ಸೈನ್ ಹಾಕಬೇಡಿ. ವಾಪಸ್ ಹೋಗಲು ಗಾಡಿ ಮನೆ ಬಾಗಿಲಿಗೋ, ಮೇನ್ ರೋಡಿಗೋ ಅಂತಲೂ ಕೇಳಿ.

ಇಷ್ಟೆಲ್ಲ ಲೆಕ್ಕ ಹಾಕುವುದು ನಿಮ್ಮನ್ನು ‘ನೌಕರ’ ಅಂತ ಕರೆದರೆ ಮಾತ್ರ. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಬರುವುದು ಸಂಬಳ ಅಲ್ಲ, ಗೌರವಧನ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ 2022ರಲ್ಲಿ. ಮನೆಗೆಲಸದವರ ಕೈಯಲ್ಲಂತೂ ಚೀಟಿಯೇ ಇರಲ್ಲ.

ಈಗ ಮಾಡಬೇಕಾದ್ದು.

ಬಸುರಿ ಅಂತ ಗೊತ್ತಾದ ಮೇಲೆ ರಜೆಯ ತಾರೀಕು ಬರೆದು ಕೊಡಿ, ಬಾಯಲ್ಲಿ ಹೇಳಿ ಬಿಡಬೇಡಿ, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಇಎಸ್‌ಐ ಇಲ್ಲದವರು ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಹೆರಿಗೆ ರಜೆಯಲ್ಲಿದ್ದೀರಿ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ. ಸೂಪರ್‌ವೈಸರ್ ‘ರಿಸೈನ್ ಕೊಟ್ಟು ಹೋಗಮ್ಮ, ಆಮೇಲೆ ಹೊಸದಾಗಿ ಸೇರಿಸಿಕೊಳ್ತೀವಿ’ ಅಂದರೆ ಕೊಡಬೇಡಿ. ರಿಸೈನ್ ಕೊಟ್ಟರೆ ಗ್ರಾಚ್ಯುಟಿಯ ವರ್ಷ ಮತ್ತೆ ಒಂದರಿಂದ ಶುರು, ರಜೆ ಹಾಕಿದರೆ ಆ 26 ವಾರವೂ ಸೇವೆಗೆ ಸೇರುತ್ತದೆ. ಬೇರೆ ಕಡೆ ಸೇರುವಾಗ ಹೊಸ ಪಿಎಫ್ ನಂಬರ್ ಮಾಡಿಸಬೇಡಿ, ಹಳೆಯ ಯುಎಎನ್ (ಯಾವ ಕಂಪನಿಗೆ ಹೋದರೂ ಬದಲಾಗದ ಪಿಎಫ್ ನಂಬರ್) ಕೊಡಿ. ಪಿಎಫ್ ದುಡ್ಡು ಬೇಕೇ ಬೇಕು ಅಂತಾದರೆ ತೆಗೆಯಿರಿ, ಆದರೆ ಪಿಂಚಣಿ ಭಾಗವನ್ನು ಮುಟ್ಟದೆ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ. ಅದಿದ್ದರೆ ಹಳೆಯ ವರ್ಷಗಳು ಮುಂದಿನ ಕೆಲಸಕ್ಕೆ ಕೂಡಿಕೊಳ್ಳುತ್ತವೆ.