ಬೆದರುವ ಬೆಕ್ಕಿನ ಮರಿಗಳನ್ನು ಹಿಡಿದು ಪಳಗಿಸುವುದು

ಮನುಷ್ಯರನ್ನು ಕಂಡರೆ ಓಡುವ ಮರಿಗಳನ್ನು ಪಳಗಿಸಲು 5ರಿಂದ 8 ವಾರದ ವಯಸ್ಸು ಸೂಕ್ತ. 12 ವಾರ ದಾಟಿದರೆ ತಿಂಗಳುಗಟ್ಟಲೆ ಹಿಡಿಯಬಹುದು, ಕೆಲವು ಒಗ್ಗುವುದೇ ಇಲ್ಲ.

ಬರಿಗೈಯಲ್ಲಿ ಹಿಡಿಯಬೇಡಿ. ಪುಟ್ಟ ಮರಿಯಾದರೂ ಕಚ್ಚಿದರೆ ಹಲ್ಲು ಆಳಕ್ಕೆ ಇಳಿಯುತ್ತದೆ. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಲಸಿಕೆಗಾಗಿ ಅಂದೇ ವೈದ್ಯರ ಬಳಿ ಹೋಗಿ.

ಹಿಡಿಯಲು ಬೋನು ಬಳಸಿ, ಅದರ ಹಿಂಬದಿಯಲ್ಲಿ ವಾಸನೆ ಜೋರಾದ ಮೀನು ಇಡಿ. ಹಗುರ ಮರಿಯ ತೂಕಕ್ಕೆ, ಬಾಗಿಲು ಬೀಳಿಸುವ ಒಳಗಿನ ಪಟ್ಟಿ ಒತ್ತದೆ ಹೋಗಬಹುದು. ಹಾಗಾಗಿ ಎತ್ತಿದ ಬಾಗಿಲು ಬೀಳದಂತೆ ಕೆಳಗೆ ನೀರು ತುಂಬಿದ ಬಾಟಲಿ ಆನಿಸಿ, ಅದಕ್ಕೆ ಕಟ್ಟಿದ ದಾರವನ್ನು ದೂರದಿಂದ ಎಳೆಯುವುದೇ ಮೇಲು. ಮರಿಯ ಬಾಲ ಪೂರ್ತಿ ಒಳಗಾದ ಮೇಲೆಯೇ ಎಳೆಯಿರಿ. ಬಾಗಿಲು ಬಿದ್ದೊಡನೆ ಬೋನಿಗೆ ಬಟ್ಟೆ ಹೊದಿಸಿ, ಕತ್ತಲಾದರೆ ಒದ್ದಾಟ ನಿಲ್ಲುತ್ತದೆ.

ಮನೆಯೆಲ್ಲ ಓಡಾಡಲು ಬಿಟ್ಟರೆ ಕಪಾಟಿನಡಿ ಸೇರಿ ಕೆಲಸ ಕೆಡುತ್ತದೆ. ದೊಡ್ಡ ಪಂಜರ ಅಥವಾ ಚಿಕ್ಕ ಕೋಣೆ ಸಾಕು. ಮೊದಲ ಎರಡು ದಿನ ಮುಟ್ಟದೆ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ. ಆಮೇಲೆ ಉದ್ದ ಹಿಡಿಯ ಚಮಚದಲ್ಲಿ ಮೆತ್ತನೆಯ ಆಹಾರ ನೀಡಿ, ದಿನೇ ದಿನೇ ಕೈ ಹತ್ತಿರ ತನ್ನಿ. ತಿನ್ನುವಾಗಲೇ ಭುಜ ಸವರಿ, ತಲೆಯ ಮೇಲಿನಿಂದ ಕೈ ತರಬೇಡಿ. ಒಂದು ಮರಿ ಮಾತ್ರ ಬುಸುಗುಡುತ್ತಲೇ ಇದ್ದರೆ ಅದನ್ನು ಬೇರೆ ಇಡಿ, ಒಂಟಿಯಾದಾಗ ಬೇಗ ಒಲಿಯುತ್ತದೆ.